ಎಂಜಲು ನೀರಿನ ಬದನೆಕಾಯಿ

ಜೂನ್ ನಾಲ್ಕು, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ನಿಪ್ಪಾಣಿಯ ಬಾಡಿಗೆ ಕೋಣೆಯಲ್ಲಿ ಕೂತು ಇದನ್ನು ಬರೆಯಲು ತೊಡಗಿದ್ದೇನೆ. ಎದುರಿನ ಗೋದಾಮಿನ ತಂಬಾಕಿನ ಘಾಟು ಕಿಟಕಿಯಿಂದ ಬರುತ್ತಿದೆ. ನಾಳೆ ಪರಿಸರ ದಿನ. ನಾನು ಅತಿಥಿ ಶಿಕ್ಷಕಿಯಾಗಿರುವ ಶಾಲೆಯಲ್ಲಿ ಮಕ್ಕಳು ಕೈ ತೊಳೆದ ನೀರನ್ನು ಗಿಡಗಳಿಗೆ ಹಾಯಿಸೋಣ ಎಂದು ಮೊನ್ನೆ ಪಾಲಕರ ಸಭೆಯಲ್ಲಿ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು, ಬಹಳ ಮರ್ಯಾದೆಯಿಂದಲೇ, ಅದು ಯಾರ್ಯಾರು ಕೈ ತೊಳೆದ ನೀರು ಎಂದು ಕೇಳಿದರು. ನೀರು ಕುಡಿದು ಕೂತೆ. ಆ ಪ್ರಶ್ನೆ ನನ್ನ ಕಿವಿಗೆ ಮೊದಲ ಸಲ ಬಿದ್ದದ್ದು ಆರನೆಯ ತರಗತಿಯಲ್ಲಿದ್ದಾಗ, ನಮ್ಮ ಮನೆಯ ಪಡಸಾಲೆಯಲ್ಲಿ, ತಾಟಿನ ಮುಂದೆ ಕೂತು. ದಿನದಿನದ್ದನ್ನು ತಾರೀಖು ಹಾಕಿ ಬರೆದಿಡುವ ಚಟ ನನಗೆ ಆಗಿನಿಂದಲೂ ಇದೆ. ಆದರೆ ಆ ವರ್ಷದ ಚಳಿಗಾಲವನ್ನು ಮಾತ್ರ ಒಂದೇ ಕಡೆ ಒಟ್ಟಿಗೆ ಬರೆದಿರಲಿಲ್ಲ.

ನಮ್ಮ ಮನೆ ಇದ್ದದ್ದು ರಾಯಬಾಗ ತಾಲೂಕಿನ ಒಂದು ಊರಿನಲ್ಲಿ, ಸರ್ಕಾರಿ ಶಾಲೆಯ ಗೋಡೆಗೆ ಬೆನ್ನು ಹಚ್ಚಿಕೊಂಡು. ಹಳೆಯ ಪದ್ಧತಿಯ ಮನೆ. ತಲಬಾಗಿಲು ದಾಟಿದರೆ ಮೊದಲು ಎದುರಾಗುವುದು ಎಮ್ಮೆಗಳು, ಅವುಗಳ ಮುಂದೆ ಮೇವು, ಮುಸುರೆ ಹಾಕುವ ಉದ್ದನೆಯ ಕಲ್ಲಿನ ದೋಣಿ. ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ಅಡುಗೆಮನೆ, ದೇವರ ಕೋಣೆ, ಹಿತ್ತಲಲ್ಲಿ ಬಚ್ಚಲು. ಬಚ್ಚಲಿನ ನೀರು ಗಚ್ಚಿನ ಕಾಲುವೆಯಲ್ಲಿ ಹರಿದು ಒಂದು ದೊಡ್ಡ ಕರಿಬೇವಿನ ಗಿಡದ ಬುಡಕ್ಕೆ ಹೋಗುತ್ತಿತ್ತು. ನಾವು ಊಟ ಮಾಡುವುದು ಪಡಸಾಲೆಯಲ್ಲಿ. ನಮ್ಮ ತಾಟಿಗೂ ಎಮ್ಮೆಯ ದೋಣಿಗೂ ನಡುವೆ ಇದ್ದದ್ದು ಆ ಎರಡು ಮೆಟ್ಟಿಲು ಮಾತ್ರ. ನಾವು ರೊಟ್ಟಿ ಮುರಿಯುವಾಗ ಅವು ಮುಸುರೆ ಕುಡಿಯುವ ಸಪ್ಪಳ ಕೇಳುತ್ತಿತ್ತು. ಬಾಗಿಲ ಪಕ್ಕದ ಗೂಡಿನಲ್ಲಿ ಬುಡಕ್ಕೆ ಕೆಂಪು ಬಣ್ಣ ಬಳಿದ ಕೆಲವು ಸ್ಟೀಲ್ ಲೋಟಗಳಿದ್ದವು. ಹೊಲದ ಕೆಲಸಕ್ಕೆ ಬಂದವರಿಗೆ ಅವುಗಳಲ್ಲಿ ಚಹಾ. ಕುಡಿದವರೇ ತೊಳೆದು ಬೋರಲು ಇಟ್ಟು ಹೋಗಬೇಕು. ಆ ಲೋಟಗಳನ್ನು ಮುಟ್ಟಬಾರದು ಎಂದು ನನಗೆ ಯಾರೂ ಹೇಳಿಕೊಟ್ಟ ನೆನಪಿಲ್ಲ. ಬಿಸಿ ಒಲೆಯನ್ನು ಮುಟ್ಟಬಾರದೆಂದು ಗೊತ್ತಿದ್ದ ಹಾಗೆ ಅದೂ ಗೊತ್ತಿತ್ತು.

ಮನೆಯಲ್ಲಿ ಯಾವುದು ಹೇಸಿಗೆ, ಯಾವುದು ಅಲ್ಲ ಎಂದು ತೀರ್ಮಾನಿಸುವವಳು ಆಯಿ, ಅಂದರೆ ಅಪ್ಪನ ತಾಯಿ. ಒಬ್ಬರು ಕಚ್ಚಿದ ಪೇರಲವನ್ನು ಇನ್ನೊಬ್ಬರು ಕಚ್ಚಿದರೆ ಹೇಸಿಗೆ. ಬಸ್ಸಿನಲ್ಲಿ ಉಟ್ಟು ಬಂದ ಸೀರೆ ಒಲೆಯ ಹತ್ತಿರ ಬಂದರೆ ಹೇಸಿಗೆ. ಊರಾಚೆಯ ಹಳ್ಳದಲ್ಲಿ ಸಕ್ಕರೆ ಕಾರ್ಖಾನೆಯ ಕಡೆಯಿಂದ ಕರಿ ನೀರು ಬಂದು, ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿ, ಇಡೀ ಊರು ಕೊಳೆತ ಬೆಲ್ಲದಂತೆ ನಾರಿದರೆ ಅದು ಹೇಸಿಗೆ ಅಲ್ಲ. ಅದು ರೊಕ್ಕದ ವಾಸನೆ ಎಂದು ಅಪ್ಪ ನಗುತ್ತಿದ್ದ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿದ ರವದಿಗೆ, ಆ ಒಣಗಿದ ಸೋಗೆಗೆ, ಬೆಂಕಿ ಹಚ್ಚಿದಾಗ ಕರಿ ಬೂದಿ ಹಾರಿ ಬಂದು ಆಯಿಯ ಮಡಿ ಸೀರೆಯ ಮೇಲೆ ಬೀಳುತ್ತಿತ್ತು. ಆಯಿ ಕೊಡವಿ ಉಟ್ಟುಕೊಳ್ಳುತ್ತಿದ್ದಳು. ಅಪ್ಪ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷನಾಗಿದ್ದ. ಪರಿಸರ ದಿನದಂದು ಸಸಿ ಹಿಡಿದು, ಗಿಡ ನಮ್ಮ ಉಸಿರು ಎಂದು ಭಾಷಣ ಮಾಡಿದ್ದ. ರವದಿಗೆ ಕಡ್ಡಿ ಗೀರುತ್ತಿದ್ದವನೂ ಅವನೇ. ಇವೆರಡೂ ಒಂದೇ ಕೈ ಮಾಡುವ ಕೆಲಸ ಎಂದು ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಅಧ್ಯಕ್ಷನಾಗಿದ್ದಕ್ಕೆ ಅಪ್ಪನಿಗೆ ಸಿಗುತ್ತಿದ್ದ ಲಾಭ ಒಂದೇ, ಬಿಸಿಯೂಟದ ಬಕೀಟು. ಮಕ್ಕಳು ತಾಟಿನಲ್ಲಿ ಬಿಟ್ಟ ಅನ್ನ, ಸಾರು ಎಲ್ಲವನ್ನೂ ಅಡುಗೆಯವರು ಒಂದು ಬಕೀಟಿಗೆ ಸುರಿದು ಗೋಡೆಯ ಮೇಲಿಂದ ನಮ್ಮ ಆಳಿಗೆ ದಾಟಿಸುತ್ತಿದ್ದರು. ಅದು ನೇರ ಎಮ್ಮೆಯ ದೋಣಿಗೆ. ಸಾಲಿ ಬಕೀಟು ಬಂದಾಗಿನಿಂದ ಹಾಲು ಗಟ್ಟಿಯಾಗಿದೆ ಎಂದು ಆಯಿ ಬಂದವರಿಗೆಲ್ಲ ಹೇಳುತ್ತಿದ್ದಳು.

ದೀಪಾವಳಿ ಮುಗಿದ ಮೇಲೆ ಟೋಳಿಗಳು ಬಂದವು. ಟೋಳಿ ಎಂದರೆ ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ ಕಡೆಯಿಂದ ಬರುವ ಸಂಸಾರಗಳ ಗುಂಪು. ನಮ್ಮ ಹೊಲದ ಬದುವಿಗೆ ಅವರ ಗುಡಿಸಲುಗಳೆದ್ದವು, ನಮ್ಮ ಕಬ್ಬನ್ನೂ ಅವರೇ ಕಡಿದರು. ಹಿಂದಿನ ವರ್ಷಗಳಲ್ಲಿ ಅವರ ಮಕ್ಕಳು ಶಾಲೆಯ ಗೋಡೆಯಾಚೆ ನಿಂತು ನೋಡುತ್ತಿದ್ದರು. ಆ ವರ್ಷ ಶಮೀಮ್ ಅಕ್ಕೋರು ಹೋಗಿ ಅವರನ್ನು ಒಳಗೆ ಕರೆತಂದರು. ಅಕ್ಕೋರು ರಾಯಬಾಗದಿಂದ ಬಸ್ಸಿಗೆ ಬರುತ್ತಿದ್ದರು. ನಾನು ಈಗ ಇರುವಂತೆ ಅವರೂ ಅತಿಥಿ ಶಿಕ್ಷಕಿ, ಮುಂದಿನ ವರ್ಷ ಇರುತ್ತಾರೆಂಬ ಖಾತ್ರಿ ಇಲ್ಲ. ಶಾಲೆಯ ಇಕೋ ಕ್ಲಬ್ ಅವರ ಪಾಲಿಗೆ ಬಂದಿತ್ತು, ಬೇರೆ ಯಾರಿಗೂ ಅದು ಬೇಡವಾಗಿತ್ತು. ಅವರು ನಮ್ಮಿಂದ ನಳದ ಕೆಳಗೆ ಒಂದು ಗುಂಡಿ ತೋಡಿಸಿ, ಕಲ್ಲು, ಇದ್ದಿಲು, ಮರಳು ಪದರ ಪದರವಾಗಿ ತುಂಬಿಸಿ, ಕೈ ತೊಳೆದ ನೀರು ಅದರಲ್ಲಿ ಸೋಸಿ ಬದನೆಯ ಮಡಿಗೆ ಹೋಗುವಂತೆ ಮಾಡಿಸಿದರು. ಇಬ್ಬರಿಗೊಂದು ಗಿಡ. ನನ್ನ ಜೊತೆಗೆ ಟೋಳಿಯ ಸಾರಿಕಾಳನ್ನು ಹಾಕಿದರು.

ಸಾರಿಕಾ ನನಗಿಂತ ಒಂದು ಗೇಣು ಕುಳ್ಳಿ. ಅಂಗೈ ಮಾತ್ರ ದೊಡ್ಡವರದು, ಕಬ್ಬಿನ ಗರಿ ಸೀಳಿದ ಗೆರೆಗಳು. ಮೊದಮೊದಲು ಅವಳ ಬಳಿ ಕೂರಲು ನನಗೂ ಹೇಸಿಗೆಯಾಗುತ್ತಿತ್ತು. ಅವಳ ತಲೆಯಿಂದ ಹೊಗೆಯ ವಾಸನೆ ಬರುತ್ತಿತ್ತು. ಒಂದು ದಿನ ಅವಳೇ ಮೂಗು ಮುಚ್ಚಿಕೊಂಡು ನನ್ನಿಂದ ದೂರ ಸರಿದಳು. ಯಾಕೆಂದು ಕೇಳಿದರೆ ನನ್ನ ಮೈಯಿಂದ ಎಮ್ಮೆಯ ವಾಸನೆ ಬರುತ್ತದೆ ಎಂದಳು. ಅದು ನಿಜವಾಗಿತ್ತು. ಅಂದಿನಿಂದ ನಾವಿಬ್ಬರೂ ಗೆಳತಿಯರು. ಅವಳು ಬದನೆಗೆ ವಾಂಗಂ ಎನ್ನುತ್ತಿದ್ದಳು, ಗಿಡಕ್ಕೆ ಝಾಡ. ನಮ್ಮ ಮನೆಯಲ್ಲೂ ಅರ್ಧ ಮರಾಠಿಯೇ ನಡೆಯುತ್ತಿದ್ದುದರಿಂದ ಮಾತಿಗೆ ತೊಂದರೆ ಇರಲಿಲ್ಲ. ಟೋಳಿಯ ಮಕ್ಕಳು ನಸುಕಿನಲ್ಲಿ ಕಬ್ಬಿನ ಗಾಡಿ ತುಂಬಿಸಿ ನೇರ ಶಾಲೆಗೆ ಬರುತ್ತಿದ್ದರು. ಮುಖ, ಕೈಕಾಲು, ಕುತ್ತಿಗೆ ಎಲ್ಲ ತೊಳೆಯುತ್ತಿದ್ದುದು ಆ ನಳದ ಕೆಳಗೇ. ಆದ್ದರಿಂದ ಬದನೆಯ ಮಡಿ ಒಂದು ದಿನವೂ ಒಣಗಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಗಿಡಗಳು ಹಸಿರು ಪಟ್ಟೆಯ ಕಾಯಿಗಳಿಂದ ಜೋತುಬಿದ್ದವು. ಎಲ್ಲರೂ ಮನೆಗೆ ಒಯ್ಯಿರಿ ಎಂದು ಅಕ್ಕೋರು ಹಂಚಿದರು.

ಅಂದು ರಾತ್ರಿಯ ಊಟಕ್ಕೆ ಅವ್ವ ಅವನ್ನು ಸೀಳಿ, ಶೇಂಗಾ ಪುಡಿ ತುಂಬಿ ಎಣ್ಣೆಗಾಯಿ ಮಾಡಿದಳು. ಅಪ್ಪ ಎರಡು ಸಲ ಹಾಕಿಸಿಕೊಂಡ. ಆಯಿ ಬಾಯಲ್ಲಿಟ್ಟುಕೊಂಡು, ಇಷ್ಟು ಎಳೆಯ ಕಾಯಿ ಅಂಕಲಿಯ ಸಂತೆಯಲ್ಲೂ ಸಿಗಲಿಕ್ಕಿಲ್ಲ, ಎಲ್ಲಿಯವು ಎಂದಳು. ನಾನು ಹೆಮ್ಮೆಯಿಂದ ಅಕ್ಕೋರು ಹೇಳಿಕೊಟ್ಟ ಪಾಠವನ್ನೆಲ್ಲ ಒಪ್ಪಿಸಿದೆ: ನಳ, ಗುಂಡಿ, ಇದ್ದಿಲು, ಮರಳು, ಒಂದು ಹನಿ ನೀರೂ ಹಾಳಾಗುವುದಿಲ್ಲ. ಆಯಿಯ ಕೈ ತಾಟಿನಲ್ಲೇ ನಿಂತಿತು.

"ಯಾರ್ಯಾರ ಕೈ ತೊಳದ ನೀರ ಬೇ ಅದು?"

"ಎಲ್ಲಾರದೂ ಆಯಿ."

"ಎಲ್ಲಾರದೂ ಅಂದ್ರ? ಟೋಳಿ ಹುಡುಗೂರ್ದೂ?"

ಹೌದೆಂದೆ. ಅವರೇ ಹೆಚ್ಚು ನೀರು ಬಿಡುತ್ತಾರೆ, ಅದಕ್ಕೇ ಕಾಯಿ ಚೆನ್ನಾಗಿ ಹಿಡಿದಿವೆ ಎಂದೂ ಹೇಳಿದೆ. ಆಯಿ ಎದ್ದು ಅಂಗಳದ ಮೂಲೆಗೆ ಹೋಗಿ ಬಾಯಿಗೆ ಬೆರಳು ಹಾಕಿ ಕಾರಿಕೊಂಡಳು. ಬಾಯಿ ಮುಕ್ಕಳಿಸಿ ಬಂದು, ಬಾಂಡಲಿಯಲ್ಲಿದ್ದ ಎಣ್ಣೆಗಾಯಿಯನ್ನು, ನಮ್ಮ ತಾಟುಗಳಲ್ಲಿದ್ದುದನ್ನೂ ಸೇರಿಸಿ ಒಯ್ದು ದೋಣಿಗೆ ಸುರಿದಳು. ಎಮ್ಮೆಗಳು ಮೂತಿ ಹಾಕಿದವು. ಅದನ್ನು ನೋಡುತ್ತಾ ನನಗೆ ತಿಳಿಯದ ಒಂದು ವಿಷಯವಿತ್ತು, ಕೇಳಿದೆ. ಸಾಲಿ ಬಕೀಟಿನಲ್ಲೂ ಎಲ್ಲರ ಎಂಜಲೇ ಇರುತ್ತದಲ್ಲ, ಅದನ್ನು ತಿಂದ ಎಮ್ಮೆಯ ಹಾಲನ್ನು ನಾವು ಕುಡಿಯುತ್ತೇವಲ್ಲ ಎಂದು.

"ಎಮ್ಮಿ ಹೊಟ್ಟ್ಯಾಗ ಹೋತಂದ್ರ ಮುಗೀತು," ಎಂದಳು ಆಯಿ. "ಎಲ್ಲಾ ಹಾಲ ಆಗತೈತಿ. ಅದಕ್ಕ ಮೈಲಿಗಿ ಇಲ್ಲ."

"ಎಮ್ಮಿ ಹೊಟ್ಟ್ಯಾಗ ಹೋದ್ರ ಹಾಲ ಆಗತೈತಿ, ಗಿಡದ ಬೇರಿನ್ಯಾಗ ಹೋದ್ರ ಯಾಕ ಬದನಿಕಾಯಿ ಆಗಂಗಿಲ್ಲ?"

ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ನಗು ತಡೆಯಲಾಗದೆ ಓಡಿದ್ದು ಎಂದು ಎಲ್ಲರಿಗೂ ಗೊತ್ತಾಯಿತು. ಅಪ್ಪ ನನ್ನನ್ನು ನೋಡಿದ.

"ಯಾಕ ಬೇ, ಸಾಲಿಗಿ ಕಲ್ಯಾಕ ಕಳಸೀವೋ, ವಾದ ಹಾಕಾಕೋ?"

ಆಯಿಯ ಮಾತು ಊರಲ್ಲಿ ಹಬ್ಬಿ, ಮರುದಿನ ಕೆಲವು ಮನೆಗಳಿಂದ ಬದನೆಕಾಯಿ ಶಾಲೆಗೆ ವಾಪಸು ಬಂದವು. ಮಧ್ಯಾಹ್ನ ಅಪ್ಪ ಶಾಲೆಗೆ ಬಂದ. ನಾವು ಬಿಸಿಯೂಟಕ್ಕೆ ಕೂತಿದ್ದೆವು. ಮೈಲಿಗೆ ಎಂಬ ಶಬ್ದವನ್ನು ಅವನು ಬಳಸಲಿಲ್ಲ. ಮನೆಯಲ್ಲಿ ಎಂದೂ ಆಡದ ಶಬ್ದಗಳು ಅಂದು ಅವನ ಬಾಯಿಂದ ಬಂದವು: ಆರೋಗ್ಯ, ಸ್ವಚ್ಛತೆ, ಹೈಜೀನ್. ಟೋಳಿ ಮಕ್ಕಳು ಹೊಲದಿಂದ ಬರುತ್ತವೆ, ಸೋಂಕು ಇರುತ್ತದೆ, ಅವುಗಳಿಗೆ ಶೌಚಾಲಯದ ಹಿಂದೆ ಒಂದು ಬೇರೆ ನಳ, ಊಟಕ್ಕೂ ಬೇರೆ ಸಾಲು ಮಾಡೋಣ ಎಂದ. ಹೆಡ್‌ಮಾಸ್ತರರು ನೆಲ ನೋಡುತ್ತಾ ನಿಂತರು. ಅಕ್ಕೋರು ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟರು.

"ಆಗ್ಲಿ ಅಧ್ಯಕ್ಷರ. ಹಂಗಾರ ಬಕೀಟನೂ ಬ್ಯಾರೆ ಮಾಡಬೇಕಾಗತೈತ್ರಿ. ಟೋಳಿ ಹುಡುಗೂರು ಬಿಟ್ಟ ಅನ್ನ ನಿಮ್ಮ ಎಮ್ಮಿಗಿ ಹಾಕೂದು ಛಲೋ ಅಲ್ಲ."

ದೊಡ್ಡ ಹುಡುಗರು ಕಿಸಕ್ಕನೆ ನಕ್ಕರು. ಅಪ್ಪ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ದನದ ವ್ಯಾಪಾರದಲ್ಲಿ ಹಲ್ಲು ಎಣಿಸಿ ಹೇಳುವ ದನಿಯಲ್ಲಿ ಹೇಳಿದ:

"ಅವು ಎಲ್ಲಿ ಬಿಡ್ತಾವ್ರಿ ಅಕ್ಕೋರ. ತಾಟ ನೆಕ್ತಾವ."

ನಾನು ಸಾಲಿನ ಉದ್ದಕ್ಕೂ ನೋಡಿದೆ. ಅಪ್ಪ ಹೇಳಿದ್ದು ನಿಜ. ನಮ್ಮ ತಾಟುಗಳಲ್ಲಿ ಅನ್ನ ಉಳಿದಿತ್ತು, ಬದಿಗೆ ಸರಿಸಿದ ಕ್ಯಾರೆಟ್ಟು ಇತ್ತು. ಸಾರಿಕಾಳ ತಾಟು ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಅವಳ ತಮ್ಮ ಇನ್ನೂ ಬೆರಳು ಚೀಪುತ್ತಿದ್ದ. ನಮ್ಮ ಎಮ್ಮೆಗಳು ತಿಂದದ್ದು ಬರೀ ನಮ್ಮ ಎಂಜಲು. ಇವರದೊಂದು ಅಗುಳೂ ಅದರಲ್ಲಿ ಇರಲಿಲ್ಲ. ಇದು ಅಪ್ಪನಿಗೆ ಮೊದಲೇ ಗೊತ್ತಿತ್ತು. ಈ ಮಕ್ಕಳಿಗೆ ಎಷ್ಟು ಹಸಿವಾಗುತ್ತದೆ ಎಂಬುದನ್ನು ಅವನು ಗಮನಿಸಿದ್ದ, ಗಮನಿಸಿ ಎಮ್ಮೆಯ ಲೆಕ್ಕಕ್ಕೆ ಹಚ್ಚಿದ್ದ. ಅಪ್ಪನ ಬಗ್ಗೆ ನನಗೆ ಹೇಸಿಗೆ ಹುಟ್ಟಿದ್ದು ಆ ಕ್ಷಣದಲ್ಲಿ. ಅಕ್ಕೋರು ಸೌಟು ಎತ್ತಿಕೊಂಡು ಸಾರಿಕಾಳ ತಾಟಿಗೆ ಇನ್ನೊಂದು ಸಲ ಅನ್ನ ಹಾಕಿದರು.

ಬೇರೆ ನಳ ಆ ವಾರದಲ್ಲೇ ಬಂತು. ಟೋಳಿಯ ಮಕ್ಕಳು ಶೌಚಾಲಯದ ಹಿಂದೆ ಹೋಗಿ ಕೈ ತೊಳೆದರು, ಆ ನೀರು ಅಲ್ಲೇ ನಿಂತು ಹಸಿರು ಪಾಚಿಗಟ್ಟಿ ಸೊಳ್ಳೆಯಾಯಿತು. ಸ್ವಚ್ಛತೆಯ ಹೆಸರಿನಲ್ಲಿ ನಮ್ಮ ಶಾಲೆ ಗಳಿಸಿದ ಮೊದಲ ಗಟಾರ ಅದು. ಇತ್ತ ನಾವು ಊರಿನ ಮಕ್ಕಳು ಬೆರಳ ತುದಿ ಅದ್ದಿ ಎದ್ದುಬಿಡುತ್ತಿದ್ದೆವು. ಮಡಿಗೆ ನೀರು ಸಾಲದೆ ಬದನೆ ಗಿಡಗಳ ಎಲೆ ಮುದುಡಿತು, ಹೂ ಉದುರಿತು. ಸಾರಿಕಾ ಕೆಲವು ದಿನ ತನ್ನ ತಂಬಿಗೆಯಲ್ಲಿ ಆ ನಳದ ನೀರು ಹಿಡಿದು ತಂದು ನಮ್ಮ ಗಿಡಕ್ಕೆ ಹಾಕುತ್ತಿದ್ದಳು. ಅಡುಗೆಯವರು ನೋಡಿ ಗದರಿದ ಮೇಲೆ ಅದೂ ನಿಂತಿತು. ಆಗಲೇ ಸುದ್ದಿ ಬಂತು, ಹಸಿರು ಶಾಲೆಯ ಫಲಕ ಕೊಡಲು ಸಾಹೇಬರೊಬ್ಬರು ತೋಟ ನೋಡಲು ಬರುತ್ತಾರೆ ಎಂದು. ಟೋಳಿಯ ಮಕ್ಕಳು ಅಂದು ಬರಬಾರದು, ಅವಕ್ಕೆ ಯೂನಿಫಾರ್ಮ್ ಇಲ್ಲ, ಫೋಟೋ ಕೆಡುತ್ತದೆ ಎಂದು ಅಪ್ಪ ಗುಡಿಸಲುಗಳಿಗೆ ಹೇಳಿ ಕಳಿಸಿದ. ಎಲ್ಲರನ್ನೂ ಒಳಗೊಳ್ಳುವ ಶಾಲೆ ಎಂದು ಬಟ್ಟೆಯ ಮೇಲೆ ಬರೆಸಿ ಗೇಟಿಗೆ ಕಟ್ಟಿಸಿದವನೂ ಅವನೇ.

ಸಾಹೇಬರು ಬರುವ ದಿನ ಬೆಳಿಗ್ಗೆ ನಾನು ಶಾಲೆಗೆ ಹೋದಾಗ ಒಣಗಿದ ಗಿಡಗಳಲ್ಲಿ ಕಾಯಿಗಳು ತೂಗುತ್ತಿದ್ದವು. ಹತ್ತಿರ ಹೋಗಿ ನೋಡಿದೆ. ನೇರಳೆ ಬಣ್ಣದ ಸಂತೆಯ ಬದನೆಕಾಯಿಗಳು. ಒಂದೊಂದನ್ನೂ ತೊಟ್ಟಿಗೆ ದಾರ ಸುತ್ತಿ ಕಡ್ಡಿಯಂಥ ಕೊಂಬೆಗೆ ಬಿಗಿದಿದ್ದರು. ಹಿಂದಿನ ಸಂಜೆ ಅಪ್ಪ ಸಂತೆಚೀಲ ಹಿಡಿದುಕೊಂಡು ಶಾಲೆಗೆ ಹೋದದ್ದು ಯಾಕೆಂದು ಆಗ ತಿಳಿಯಿತು. ಸಾಹೇಬರು ಬಂದರು, ಹಾರ ಹಾಕಿಸಿಕೊಂಡರು. ಅಧ್ಯಕ್ಷರ ಮಗಳೆಂದು ನನ್ನನ್ನು ಬುಟ್ಟಿಯೊಂದಿಗೆ ಮುಂದೆ ನಿಲ್ಲಿಸಿದರು. ಒಂದು ಕಾಯಿ ಕೀಳು ಮಗಳೇ, ಫೋಟೋ ತೆಗೆಯುತ್ತಾರೆ ಎಂದರು. ನಾನು ಹಿಡಿದು ಎಳೆದೆ. ಕಾಯಿ ಬರಲಿಲ್ಲ. ಕಬ್ಬಿನ ಹೊರೆಗೆ ಹಾಕುವಂಥ ಗಂಟು, ಎಳೆದಷ್ಟೂ ಬಿಗಿಯುತ್ತದೆ. ಇನ್ನೊಂದು ಸಲ ಜಗ್ಗಿದೆ. ಒಣ ಮಣ್ಣು ಬಿರಿದು ಇಡೀ ಗಿಡವೇ ಬೇರು ಸಮೇತ ಕೈಗೆ ಬಂತು, ಅದರಿಂದ ಮೂರು ನೇರಳೆ ಬದನೆಕಾಯಿಗಳು ದಾರದಲ್ಲಿ ನೇತಾಡಿದವು. ಸಾಹೇಬರು ದಾರವನ್ನು ನೋಡಿದರು. ನೋಡಿದರು ಎಂಬುದರಲ್ಲಿ ನನಗೆ ಸಂಶಯವಿಲ್ಲ, ಏಕೆಂದರೆ ಅವರು ಕ್ಯಾಮೆರಾದವನಿಗೆ ಸ್ವಲ್ಪ ದೂರದಿಂದ ತೆಗಿ ಎಂದರು. ಫೋಟೋ ಆಯಿತು, ಫಲಕ ಕೊಟ್ಟಾಯಿತು. ಊಟ ನಮ್ಮ ಮನೆಯಲ್ಲಿ. ಪಡಸಾಲೆಯಲ್ಲಿ ಕೂತು, ನಮ್ಮ ಎಮ್ಮೆಯ ಹಾಲಿನ ಪಾಯಸವನ್ನು ಸಾಹೇಬರು ಸೊರ್ ಸೊರ್ ಎಂದು ಕುಡಿದರು. ಆ ಸಪ್ಪಳಕ್ಕೂ ಕೆಳಗಿನ ದೋಣಿಯ ಸಪ್ಪಳಕ್ಕೂ ನನಗೆ ವ್ಯತ್ಯಾಸ ತಿಳಿಯಲಿಲ್ಲ.

ಕಿತ್ತುಬಂದ ಗಿಡ ನನ್ನದೂ ಸಾರಿಕಾಳದೂ. ಅದನ್ನು ಹಿಡಿದುಕೊಂಡೇ ಸಂಜೆ ಬದುವಿನ ಗುಡಿಸಲಿಗೆ ಹೋದೆ. ಸಾರಿಕಾ ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದಳು. ಗಿಡವನ್ನು ತಿರುಗಿಸಿ ನೋಡಿದಳು, ಗಂಟನ್ನು ನೋಡಿದಳು, ಉಗುರಿನಿಂದ ಎಲ್ಲೋ ಒತ್ತಿ ಒಂದೇ ಸಲಕ್ಕೆ ಬಿಚ್ಚಿದಳು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳ ತಾಯಿ ಆ ಮೂರು ಬದನೆಕಾಯಿಗಳನ್ನೇ ಕೆಂಡದಲ್ಲಿ ಸುಟ್ಟು, ಉಪ್ಪು ಖಾರ ಕಲಸಿ, ರೊಟ್ಟಿಯ ಮೇಲೆ ಹಾಕಿ ನನಗೂ ಕೊಟ್ಟಳು. ಚಹಾ ಕೊಟ್ಟಳು, ಹಾಲಿಲ್ಲದ್ದು. ನಾಳೆ ಶಾಲೆಗೆ ಬಾ ಎಂದು ಸಾರಿಕಾಳಿಗೆ ಹೇಳಿದೆ. ಅವಳು ಪಾತ್ರೆ ತಿಕ್ಕುವುದನ್ನು ಬಿಡದೆ ಹೇಳಿದಳು:

"ತ್ಯಾ ನಳಾಲಾ ನಾಯ್ ಯೇಣಾರ ಮೀ."

ಆ ನಳಕ್ಕೆ ನಾನು ಬರುವುದಿಲ್ಲ. ಶಾಲೆಗೆ ಎನ್ನಲಿಲ್ಲ, ನಳಕ್ಕೆ ಎಂದಳು. ಮರುದಿನದಿಂದ ಅವಳೂ ಅವಳ ತಮ್ಮನೂ ಗೋಡೆಯ ಒಳಗೆ ಬರಲಿಲ್ಲ.

ಅಂದು ಗುಡಿಸಲಿನಿಂದ ಮನೆಗೆ ಬಂದಾಗ ಊಟ ಎಲ್ಲಿ ಮಾಡಿದೆ ಎಂದು ಆಯಿ ಕೇಳಿದಳು, ಹೇಳಿದೆ. ಆಯಿ ಬೈಯಲಿಲ್ಲ. ತೋಳು ಹಿಡಿದು ಬಚ್ಚಲಿಗೆ ಎಳೆದೊಯ್ದು, ಉಟ್ಟ ಬಟ್ಟೆಯಲ್ಲೇ ಕೂರಿಸಿ, ತಲೆಯ ಮೇಲೆ ಕೊಡಗಟ್ಟಲೆ ತಣ್ಣೀರು ಸುರಿದಳು. ಹಲ್ಲು ಕಟಕಟಿಸುತ್ತಾ ನಾನು ಆ ನೀರನ್ನೇ ನೋಡುತ್ತಿದ್ದೆ. ಗುಡಿಸಲಿನ ಮೈಲಿಗೆಯನ್ನೆಲ್ಲ ಹೊತ್ತುಕೊಂಡು ಅದು ಗಚ್ಚಿನ ಕಾಲುವೆಯಲ್ಲಿ ಹರಿದು ಕರಿಬೇವಿನ ಬುಡಕ್ಕೆ ಇಳಿಯಿತು. ಮರುದಿನ ಬೆಳಿಗ್ಗೆ ಅವ್ವ ಅದೇ ಗಿಡದಿಂದ ಎರಡು ಎಸಳು ಕಿತ್ತು ಒಗ್ಗರಣೆಗೆ ಹಾಕಿದಳು. ಆಯಿ ಉಂಡಳು, ಅಪ್ಪ ಉಂಡ. ನನ್ನ ಮುಂದೆ ಹಾಲಿನ ಲೋಟ ಬಂತು. ನಾನು ಎದ್ದು ಬಾಗಿಲ ಗೂಡಿನಿಂದ ಕೆಂಪು ಬಣ್ಣದ ಲೋಟ ತಂದು, ಅದಕ್ಕೆ ನೀರು ಸುರಿದುಕೊಂಡು ಕುಡಿದೆ. ಅಪ್ಪ ಹೊಡೆದ. ಮರುದಿನವೂ ಅದೇ ಲೋಟ ತಂದೆ. ಇಂದಿಗೂ ನನ್ನ ಚಹಾ ಹಾಲಿಲ್ಲದ್ದು. ಹಾಲು ಒಗ್ಗುವುದಿಲ್ಲವೇ ಎಂದು ಕೇಳಿದವರಿಗೆ ಹೌದು ಎನ್ನುತ್ತೇನೆ.

ಶಮೀಮ್ ಅಕ್ಕೋರನ್ನು ಮುಂದಿನ ವರ್ಷ ಶಾಲೆಗೆ ಕರೆಯಲಿಲ್ಲ. ಟೋಳಿ ಬಂತು, ಸಾರಿಕಾ ಬರಲಿಲ್ಲ. ಅವಳ ಅಪ್ಪ ಟೋಳಿಗಳನ್ನು ಕರೆತರುವ ಬೇರೊಬ್ಬ ಮುಕಾದಮನ ಕೈಕೆಳಗೆ ಅಥಣಿಯ ಕಡೆಗೋ ಕಾಗವಾಡದ ಕಡೆಗೋ ಹೋದನೆಂದು ಒಬ್ಬರು, ಅವಳ ಮದುವೆಯಾಯಿತೆಂದು ಇನ್ನೊಬ್ಬರು ಹೇಳಿದರು. ಎರಡನ್ನೂ ಬರೆದುಕೊಂಡಿದ್ದೇನೆ, ಯಾವುದನ್ನೂ ನಂಬಿಲ್ಲ. ಅವಳಿಗೆ ಈಗ ನನ್ನಷ್ಟೇ ವಯಸ್ಸು. ಎಡ ಅಂಗೈಯಲ್ಲಿ ಅಡ್ಡಕ್ಕೆ ಒಂದು ಉದ್ದನೆಯ ಗೆರೆ, ಕಬ್ಬಿನ ಗರಿಯದು. ಕನ್ನಡ ಸ್ವಲ್ಪ ಬರುತ್ತದೆ, ಬದನೆಗೆ ಮಾತ್ರ ವಾಂಗಂ ಎನ್ನುತ್ತಾಳೆ. ಈ ಸೀಮೆಯ ಯಾವ ಹೊಲದ ಬದುವಿನಲ್ಲಾದರೂ ಅವಳನ್ನು ಕಂಡವರು, ಅವಳ ಟೋಳಿಯನ್ನು ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ನಾಳೆ ನಾನು ತೋಡಿಸುವ ಕಾಲುವೆಗೆ ಒಂದೇ ನಳ ಇರುತ್ತದೆ. ಅದನ್ನು ಅವಳಿಗೆ ತಿಳಿಸಬೇಕಾಗಿದೆ.